ಹಾಲಿಗೆ ಬಂದ ಅಪವಾದ

"ಎರಡೂ ಕೈ ಒಂದ್ಸಲ ತೋರಿಸ್ತೀರಾ ಅಮ್ಮಾ?"

ವಿಮೆ ಕಂಪನಿಯಿಂದ ತನಿಖೆಗೆ ಬಂದವರು ಇದನ್ನು ಕುಡಿಯಲು ನೀರು ಕೇಳುವಷ್ಟು ಮೆತ್ತಗೆ ಕೇಳಿದರು. ನೀರನ್ನು ಮಾತ್ರ ಅವರು ಯಾರ ಹತ್ತಿರವೂ ಕೇಳುವವರಲ್ಲ. ಹೆಗಲ ಚೀಲದಲ್ಲಿ ತಮ್ಮದೇ ಬಾಟಲಿ ಇಟ್ಟುಕೊಂಡಿದ್ದರು. ವರ್ಷಗಟ್ಟಲೆ ಹೋಟೆಲುಗಳ ಅಡುಗೆಮನೆ ನೋಡಿ ನೋಡಿ ಈಗ ಮನೆಯ ಬುತ್ತಿ ಬಿಟ್ಟು ಬೇರೇನೂ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಬಂದ ಕೂಡಲೇ ಕ್ಷಮೆ ಕೇಳುವಂತೆ ಹೇಳಿಕೊಂಡಿದ್ದರು.

ಅವಳು ಏಪ್ರನ್ನಿಗೆ ಕೈ ಒರೆಸಿಕೊಂಡು ತರಕಾರಿ ಹೆಚ್ಚುವ ಮೇಜಿನ ಮೇಲೆ ಎರಡೂ ಅಂಗೈ ಚಾಚಿದಳು. ಅವರು ಕನ್ನಡಕ ಏರಿಸಿ, ಬಲಗೈಯನ್ನು ಮಗುಚಿ, ನಡುಬೆರಳಿನ ಉಗುರಿನ ಪಕ್ಕದಲ್ಲಿ ಎಳೆಗೆಂಪಾಗಿ ಮೂಡಿದ್ದ ಹೊಸ ಚರ್ಮವನ್ನು ನೋಡಿದರು.

"ಇದೇನಿದು?"

"ಪಾತ್ರೆ ಉಜ್ಜೋವಾಗ ತಂತಿ ಬ್ರಷ್ ತಾಗ್ತು. ಹೋಟ್ಲು ಮುಚ್ಚಿದ ಮೇಲೆ."

ಹೋಟೆಲು ಮುಚ್ಚಿದ ಮೇಲೋ ಮುಂಚೆಯೋ ಎಂದು ಯಾರೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಎಂದು ಅವಳಿಗೆ ಹೇಳಿದ ಕ್ಷಣವೇ ಅನ್ನಿಸಿತು. ಅವರು ತಲೆ ಎತ್ತಿ ಅವಳ ಮುಖ ನೋಡುವಷ್ಟರಲ್ಲಿ ಬಾಗಿಲ ಬಳಿ ನಿಂತಿದ್ದ ಗಂಡ ಮುಂದೆ ಬಂದ.

"ಅವಳ ಕೈ ನೋಡಿ ಏನ್ಮಾಡ್ತೀರಾ ಸಾರ್? ಅವಳ ಕೈಗುಣಕ್ಕೇ ಜನ ಊರಾಚೆಯಿಂದ ಬಸ್ ಹತ್ಕೊಂಡು ಬರೋದು. ನೋಡೋದಾದ್ರೆ ಹಾಲು ನೋಡಿ. ಅವತ್ತು ಕೆಟ್ಟಿದ್ದು ಕಸ್ಟರ್ಡ್ ಒಂದೇ. ಕಸ್ಟರ್ಡ್ ಅಂದ್ರೆ ಹಾಲು ತಾನೇ?"

ತನಿಖೆಯವರು ಅವಳ ಕೈ ಬಿಟ್ಟರು.

ವಾರದ ಹಿಂದೆ ಬಸ್ ಡಿಪೋದ ಟೈಮ್ ಕೀಪರನ ನಿವೃತ್ತಿಯ ಊಟ ಈ ಗಂಡಹೆಂಡತಿಯ ಹೋಟೆಲಿನಲ್ಲೇ ಆಗಿತ್ತು. ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕು ಎಲ್ಲರೂ ಮೇಜು ಜೋಡಿಸಿಕೊಂಡು ಕುಳಿತು ಉಂಡು, ಕೊನೆಗೆ ಹಣ್ಣು ಹಾಕಿದ ಕಸ್ಟರ್ಡನ್ನು ಎರಡೆರಡು ಸಲ ಹಾಕಿಸಿಕೊಂಡು ತಿಂದಿದ್ದರು. ಸಂಜೆಯ ಹೊತ್ತಿಗೆ ಒಬ್ಬ ಡ್ರೈವರು ಸೇತುವೆಯ ನಟ್ಟನಡುವೆ ಬಸ್ಸು ನಿಲ್ಲಿಸಿ, ಇಳಿದು ಓಡಿ ಕಂಬಿ ಹಿಡಿದು ವಾಂತಿ ಮಾಡಿಕೊಂಡ. ಒಳಗಿದ್ದವರು ಹಾರನ್ ಒತ್ತಿ ಒತ್ತಿ ಸಾಕಾಗಿ ನಡೆದು ಮನೆ ಸೇರಿದರು. ಮರುದಿನ ಊರಲ್ಲಿ ಅರ್ಧಕ್ಕರ್ಧ ಬಸ್ಸುಗಳು ಓಡಲಿಲ್ಲ. ಹೆಚ್ಚಿನವರು ಒಂದು ದಿನ ನರಳಿ ಎದ್ದು ಕುಳಿತರು. ಟೈಮ್ ಕೀಪರು ಮಾತ್ರ ನಿವೃತ್ತಿಯ ಮೊದಲ ದಿನವೇ ಆಸ್ಪತ್ರೆ ಸೇರಿದ. ವಯಸ್ಸಿನ ದೇಹ, ನೀರೆಲ್ಲ ಬಸಿದು ಹೋಗಿ, ಮೂತ್ರಪಿಂಡ ಕೈಕೊಡುವುದರಲ್ಲಿತ್ತು.

ಆ ದಿನ ಬೆಳಿಗ್ಗೆ ಅವಳ ಬೆರಳಿನಲ್ಲಿ ಉಗುರುಸುತ್ತು ಆಗಿತ್ತು. ಊದಿಕೊಂಡು, ಕೀವು ತುಂಬಿ, ಸೌಟು ಹಿಡಿದರೆ ನೋವು ಮೊಣಕೈವರೆಗೆ ಹತ್ತುತ್ತಿತ್ತು. ಮುಲಾಮು ಹಚ್ಚಿ ಬಟ್ಟೆ ಸುತ್ತಿಕೊಂಡೇ ಅಡುಗೆಗೆ ನಿಂತಳು. ಹಣ್ಣು ಹೆಚ್ಚುವಾಗ ಆ ಬಟ್ಟೆ ರಸದಲ್ಲಿ ನೆನೆದು ಜಾರತೊಡಗಿತು. ಚಾಕುವಿನ ಹಿಡಿತ ತಪ್ಪುತ್ತಿತ್ತು. ಕಿತ್ತು ಬುಟ್ಟಿಗೆ ಎಸೆದಳು. ಆರಿದ ಕಸ್ಟರ್ಡಿಗೆ ಹಣ್ಣು ಬೆರೆಸುವಾಗ ಎಂದಿನಂತೆ ಕೈಯನ್ನೇ ಹಾಕಿದಳು. ಸೌಟು ಹಾಕಿದರೆ ಹಣ್ಣು ನಜ್ಜುಗುಜ್ಜಾಗುತ್ತದೆ ಎಂಬುದು ಅವಳ ನಂಬಿಕೆ. ಅಷ್ಟು ದೊಡ್ಡ ಪಾತ್ರೆಗೆ ಫ್ರಿಜ್ಜಿನಲ್ಲಿ ಜಾಗವಿರಲಿಲ್ಲ. ಮುಚ್ಚಳ ಹಾಕಿ, ಒಲೆಗಳ ಕಾವು ತುಂಬಿದ ಅದೇ ಕೋಣೆಯ ಮೇಜಿನ ಮೇಲೆ ಊಟದ ಹೊತ್ತಿನವರೆಗೆ ಬಿಟ್ಟಳು.

ಸಂಜೆ ಡಿಪೋದಿಂದ ಮೊದಲ ಫೋನು ಬಂದಾಗಲೇ ಅವಳಿಗೆ ಗೊತ್ತಾಗಿತ್ತು. ಯಾರೂ ಹೇಳಬೇಕಾಗಿರಲಿಲ್ಲ.

"ಉಳಿದ ಕಸ್ಟರ್ಡಿನಲ್ಲಿ ಸಿಕ್ಕಿರೋದು ಒಂಥರಾ ಹಟಮಾರಿ ವಿಷ," ಎಂದು ತನಿಖೆಯವರು ಇಬ್ಬರಿಗೂ ವಿವರಿಸಿದರು. "ಅದನ್ನ ಹುಟ್ಟಿಸೋ ಕ್ರಿಮಿ ಬರೋದಕ್ಕೆ ಸಾಮಾನ್ಯವಾಗಿ ಎರಡು ದಾರಿ. ಹಸುವಿನ ಕೆಚ್ಚಲಲ್ಲಿ ಬಾವು ಇದ್ರೆ ಹಾಲಿಂದ ಬರುತ್ತೆ. ಇಲ್ಲಾ, ಮನುಷ್ಯರ ಗಾಯದಿಂದ. ಒಂದ್ಸಲ ವಿಷ ಸೇರಿಕೊಳ್ತು ಅಂದ್ರೆ ಕುದಿಸಿದ್ರೂ ಹೋಗಲ್ಲ. ಹಾಲು ಯಾರು ಹಾಕೋದು ನಿಮಗೆ?"

"ತೋರಿಸ್ತಾಳೆ, ಕರ್ಕೊಂಡು ಹೋಗಿ," ಎಂದ ಗಂಡ.

ಹಾಲು ಹಾಕುತ್ತಿದ್ದವಳನ್ನು ಊರೆಲ್ಲ ಹಾಲಕ್ಕ ಎನ್ನುತ್ತಿತ್ತು. ಗಂಡ ಸತ್ತ ಮೇಲೆ ಎರಡು ಹಸುವಿನಿಂದ ಶುರು ಮಾಡಿ ಆರಕ್ಕೆ ತಂದವಳು. ಹೋಟೆಲು ತೆರೆದ ದಿನದಿಂದ ಹಿಂಬಾಗಿಲಿಗೆ ಕ್ಯಾನು ಇಳಿಸುವವಳು ಅವಳೇ. ಹಾಲು ಅಳೆದ ಮೇಲೆ ಮೆಟ್ಟಿಲ ಮೇಲೆ ಕುಳಿತು ಇಬ್ಬರೂ ದಿನದ ಮೊದಲ ಚಹಾ ಕುಡಿಯುತ್ತಿದ್ದರು. ಊರಿನ ಸುದ್ದಿಯೆಲ್ಲ ಹಾಲಿಗೆ ಮುಂಚೆ ಹಾಲಕ್ಕನ ಜೊತೆ ಬರುತ್ತಿತ್ತು.

ತನಿಖೆಯವರನ್ನು ಕಂಡು ಹಾಲಕ್ಕ ಬೆದರಲಿಲ್ಲ. ಕೊಟ್ಟಿಗೆಯ ದೀಪಗಳನ್ನೆಲ್ಲ ಹಾಕಿದಳು, ಕ್ಯಾನುಗಳನ್ನು ಬೋರಲು ಹಾಕಿ ತೋರಿಸಿದಳು, ಕೇಳದಿದ್ದುದನ್ನೂ ಹೇಳಿದಳು. "ಈ ಕೆಂಚಿ ಇದ್ದಾಳಲ್ಲ, ಇವಳಿಗೆ ಹೋದ ತಿಂಗಳು ಕೆಚ್ಚಲು ಬಾವು ಬಂದಿತ್ತು ಸಾಮಿ. ಡಾಕ್ಟ್ರ ಕೈಲಿ ಸೂಜಿ ಹಾಕಿಸ್ದೆ. ವಾಸಿ ಆಗೋವರ್ಗೂ ಇವಳ ಹಾಲನ್ನ ಮೋರಿಗೆ ಚೆಲ್ಲಿದೀನಿ, ಕ್ಯಾನಿಗೆ ಸೇರಿಸಿಲ್ಲ. ಬೇಕಾದ್ರೆ ಹೋಟ್ಲಿನ ಇವಳನ್ನೇ ಕೇಳಿ. ಏನೇ, ನನ್ನ ಹಾಲಲ್ಲಿ ಒಂದಿನ ಒಂದೆಳೆ ಕಸ ಕಂಡಿದ್ದುಂಟಾ?"

"ಇಲ್ಲ," ಎಂದಳು ಅವಳು. ಅದಕ್ಕಿಂತ ಹೆಚ್ಚಿಗೆ ಒಂದು ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ಒಣಗಿತು. ತನಿಖೆಯವರು ಕೆಂಚಿಯ ಹಾಲನ್ನೂ ಉಳಿದವುಗಳ ಹಾಲನ್ನೂ ಬೇರೆ ಬೇರೆ ಸೀಸೆಗೆ ತುಂಬಿಕೊಂಡರು. ಹೊರಡುವಾಗ ಹಾಲಕ್ಕ ಅವಳ ಕೈ ಹಿಡಿದು, "ಸುಮ್ನೆ ಕೊರಗಿ ಕೊರಗಿ ಅರ್ಧ ಆಗಿದೀಯ. ಉಂಡಿದೀಯೋ ಇಲ್ವೋ?" ಎಂದಳು. ಹಿಡಿದದ್ದು ಬಲಗೈಯನ್ನೇ.

ಇಷ್ಟಕ್ಕೂ ಆ ವಿಮೆ ಮಾಡಿಸುವ ಮನಸ್ಸು ಗಂಡಹೆಂಡತಿ ಇಬ್ಬರಿಗೂ ಇರಲಿಲ್ಲ. ಅದು ಅವಳ ಅಕ್ಕನ ಗಂಡನ ಹಟ. ಮದುವೆ ಮನೆಗೆ ಹೋದರೂ ಸಾವಿನ ಮನೆಗೆ ಹೋದರೂ ಕಂಕುಳಲ್ಲಿ ಕಾಗದದ ಚೀಲ ಸಿಕ್ಕಿಸಿಕೊಂಡೇ ಹೋಗುವ ಅವನಿಗೆ ನೆಂಟರೆಲ್ಲ ಸೇರಿ ಪಾಲಿಸಿ ಭಾವ ಎಂದು ಹೆಸರಿಟ್ಟಿದ್ದರು. "ಬೆಂಕಿಗೆ ವಿಮೆ ಮಾಡಿಸಿದೀರಿ, ಕಳ್ಳತನಕ್ಕೆ ಮಾಡಿಸಿದೀರಿ. ಹೋಟ್ಲವರ ಪ್ರಾಣ ಎಲ್ಲಿರುತ್ತೆ ಹೇಳಿ? ಗಿರಾಕಿ ಹೊಟ್ಟೇಲಿ! ಅದಕ್ಕೇ ಇದು," ಎಂದು ಅಡುಗೆಮನೆಯಲ್ಲೇ ಕುಳಿತು ಪಟ್ಟು ಹಿಡಿದಿದ್ದ. ಊಟ ಕೆಟ್ಟು ಜನ ಕಾಯಿಲೆ ಬಿದ್ದರೆ ಆಸ್ಪತ್ರೆ ಖರ್ಚು ಕಂಪನಿಯದು. ಬಾಗಿಲು ಮುಚ್ಚಿದಷ್ಟು ದಿನದ ನಷ್ಟ ಕಂಪನಿಯದು. ತೊಳೆಯುವುದು, ಬಳಿಯುವುದು, ಹೋದ ಹೆಸರನ್ನು ಮರಳಿ ತರಲು ಪತ್ರಿಕೆಯಲ್ಲಿ ಜಾಹೀರಾತು ಹಾಕುವುದು, ಅದೂ ಕಂಪನಿಯದೇ. ಷರತ್ತುಗಳನ್ನು ಅವನು ಗಟ್ಟಿಯಾಗಿ ಓದಿದಾಗ ಅವಳು ಈರುಳ್ಳಿ ಹೆಚ್ಚುತ್ತಿದ್ದಳು. ಕೈಯಲ್ಲಿ ಗಾಯವಿದ್ದವರು ಆಹಾರ ಮುಟ್ಟಬಾರದು ಎಂಬಲ್ಲಿಗೆ ಬಂದಾಗ ನಗು ತಡೆಯಲಾಗಿರಲಿಲ್ಲ. "ಹಂಗಾದ್ರೆ ಊರಿನ ಹೋಟ್ಲೆಲ್ಲಾ ಮುಚ್ಚಬೇಕಾಗುತ್ತೆ ಭಾವ. ಅಡುಗೆಯವರು ಬೆರಳು ಕುಯ್ಕೊಳ್ಳದ ದಿನ ಯಾವುದಿದೆ?"

ಈಗ ಅದೇ ಭಾವ, ವರದಿ ಬಂದ ದಿನ, ಮೀಸೆಯಡಿಯಲ್ಲೇ ನಗುತ್ತ ಬಂದ.

"ಹಾಲಿನದೇ! ಕೆಂಪು ಹಸುವಿನ ಹಾಲಲ್ಲಿ ಅದೇ ಕ್ರಿಮಿ ಇನ್ನೂ ಇದೆಯಂತೆ. ಹಾಲು ಮಾರಬಾರದು ಅಂತ ಆರೋಗ್ಯ ಇಲಾಖೆಯವರು ಇವತ್ತೇ ಅವಳ ಕೊಟ್ಟಿಗೆಗೆ ನೋಟೀಸು ಅಂಟಿಸಿದಾರೆ. ನಿಮ್ಮದು ಕ್ಲೀನ್. ಕಂಪನಿ ಪೂರ್ತಿ ಕೊಡುತ್ತೆ. ನಾನು ಹೇಳಿದಾಗ ನಕ್ಕಿದ್ರಿ. ಈಗ ನಗಿ!"

ಗಂಡ ಕುರ್ಚಿಯಲ್ಲಿ ಕುಸಿದು ಕುಳಿತ. ಮುಖವನ್ನು ಎರಡೂ ಕೈಯಿಂದ ಉಜ್ಜಿಕೊಂಡ. ಅವಳ ಕಡೆ ಮಾತ್ರ ನೋಡಲಿಲ್ಲ.

"ಹಾಲಕ್ಕನ ಗತಿ ಏನು ಭಾವ?" ಎಂದು ಅವಳು ಕೇಳಿದಳು.

"ಅದು ನಿಮಗ್ಯಾಕೆ? ಕಂಪನಿ ನಿಮಗೆ ಕೊಟ್ಟಿದ್ದನ್ನ ಅವಳಿಂದ ವಸೂಲಿ ಮಾಡ್ಕೊಳುತ್ತೆ. ಅದು ಅವರಿಬ್ಬರ ಮಧ್ಯದ ವಿಷಯ."

"ಅವಳ ಹತ್ರ ಏನಿದೆ ಅಂತ?"

"ಹಸುಗಳಿವೆಯಲ್ಲ," ಎಂದ ಭಾವ, ಚಹಾ ಹೀರುತ್ತ.

ಮರುದಿನ ಅವಳು ಟೈಮ್ ಕೀಪರನ್ನು ನೋಡಲು ಆಸ್ಪತ್ರೆಗೆ ಹೋದಳು. ಅವನು ದಿಂಬಿಗೆ ಒರಗಿ ಕುಳಿತಿದ್ದ. ಸಮವಸ್ತ್ರವಿಲ್ಲದ ಮೈ ಪುಟ್ಟದಾಗಿ ಕಾಣುತ್ತಿತ್ತು. ಅವಳನ್ನು ಕಂಡು ನಕ್ಕ. "ಬನ್ನಿ ಅಕ್ಕ. ಜೀವಮಾನವೆಲ್ಲ ಬಸ್ಸು ಯಾಕೆ ತಡವಾಯ್ತು ಅಂತ ಡ್ರೈವರುಗಳ ಜೀವ ತಿಂದೆ. ಈಗ ನಾನೇ ಟೈಮಿಗಿಂತ ಮುಂಚೆ ಹೊರಟುಬಿಡ್ತಿದ್ದೆ ನೋಡಿ!" ಅವನ ಹೆಂಡತಿ ನಗಲಿಲ್ಲ. ಸ್ಟೂಲು ಎಳೆದು ಕೊಟ್ಟು, "ನಿಮ್ಮನ್ನ ಯಾರೂ ಒಂದು ಮಾತು ಅಂದಿಲ್ಲ ಅಕ್ಕ. ನೀವ್ಯಾಕೆ ಹಿಂಗೆ ಇಳಿದು ಹೋಗಿದೀರಿ? ಆ ಹಾಲಿನವಳನ್ನ ಮಾತ್ರ ಸುಮ್ನೆ ಬಿಡಬಾರದು," ಎಂದಳು. ಅವಳು ತಾನು ತಂದಿದ್ದ ಹಣ್ಣಿನ ಚೀಲವನ್ನು ಮಂಚದ ಕೆಳಗೆ ಸರಿಸಿಟ್ಟು, ಎರಡು ನಿಮಿಷ ಕುಳಿತಂತೆ ಮಾಡಿ ಎದ್ದು ಬಂದಳು. ತಂದ ಹಣ್ಣನ್ನು ಕುಯ್ದು ಕೊಡಿ ಎಂದು ಅವನೆಲ್ಲಿ ಕೇಳಿಬಿಡುತ್ತಾನೋ ಎಂದು ಅಷ್ಟು ಹೊತ್ತೂ ಹೆದರಿಕೊಂಡೇ ಇದ್ದಳು.

ಹೋಟೆಲಿಗೆ ಸುಣ್ಣಬಣ್ಣ ಶುರುವಾಯಿತು. ಅಡುಗೆಮನೆಯ ಗೋಡೆಗೆ ಹೊಸ ಬಿಳಿ ಟೈಲ್ಸು ಬಂತು. ಒಂದು ಮಧ್ಯಾಹ್ನ, ಬಣ್ಣದವರು ಊಟಕ್ಕೆ ಹೋದ ಹೊತ್ತಿನಲ್ಲಿ, ಹಿಂಬಾಗಿಲು ಬಡಿದ ಸದ್ದಾಯಿತು. ಹಾಲಕ್ಕ ಒಳಗೆ ಬರಲಿಲ್ಲ. ದಿನವೂ ಕೂರುತ್ತಿದ್ದ ಮೆಟ್ಟಿಲ ಮೇಲೂ ಕೂರಲಿಲ್ಲ.

"ಜಗಳಕ್ಕೆ ಬಂದಿಲ್ಲ ಕಣೇ," ಎಂದಳು. "ಮೊದಮೊದಲು ಸಿಟ್ಟು ಬಂದಿತ್ತು. ನನ್ನ ಹಾಲು ಹಂಗಿರೋಕೆ ಸಾಧ್ಯವೇ ಇಲ್ಲ ಅಂತ ಕೂಗಾಡಿದೆ. ಆಮೇಲೆ ಯೋಚನೆ ಮಾಡ್ದೆ. ಕೆಂಚಿ ವಾಸಿ ಆಗಿದ್ದಾಳೆ ಅಂತ ಡಾಕ್ಟ್ರು ಹೇಳೋಕೆ ಮುಂಚೆನೇ ನಾನೇ ತೀರ್ಮಾನ ಮಾಡಿಬಿಟ್ನೇನೋ. ಒಂದಿನ ಮುಂಚೆ ಕ್ಯಾನಿಗೆ ಸೇರಿಸಿಬಿಟ್ನೇನೋ. ನೆನಪು ಮಾಡ್ಕೊಂಡಷ್ಟೂ ನಂದೇ ತಪ್ಪು ಅನ್ನಿಸ್ತಿದೆ. ಆ ಮುದುಕ ಸತ್ತಿದ್ರೆ ಏನ್ಮಾಡ್ತಿದ್ದೆ ನಾನು?"

"ಹಾಲಕ್ಕ, ಒಳಗೆ ಬಾ..."

"ಬೇಡ. ಕೆಂಚಿನ ಕೊಟ್ಟುಬಿಟ್ಟೆ. ದಲ್ಲಾಳಿ ಬಂದು ಹೊಡ್ಕೊಂಡು ಹೋದ. ಎಲ್ಲಿಗೆ ಅಂತ ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ತಿರುವಲ್ಲಿ ನಿಂತು ಒಂದೇ ಸಮ ಕೂಗ್ತಾ ಇದ್ಲು." ಹಾಲಕ್ಕ ಮೂಗು ಒರೆಸಿಕೊಂಡಳು. "ನಿನ್ನ ಮನೆ ಅನ್ನಕ್ಕೆ ನನ್ನಿಂದ ಕಲ್ಲು ಬಿತ್ತು. ತಪ್ಪಾಯ್ತು. ಹೊಟ್ಟೆಗೆ ಹಾಕ್ಕೋ."

ಹಾಲಕ್ಕ ಹೋದ ಮೇಲೆ ಬಾಗಿಲಿನ ಚಿಲಕ ಹಾಕಲೂ ಅವಳಿಗೆ ಕೈ ಬರಲಿಲ್ಲ. ಹೊಸ ಟೈಲ್ಸಿನ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತಳು. ಗಂಡ ಬಂದು ನೋಡಿದಾಗಲೂ ಹಾಗೇ ಕುಳಿತಿದ್ದಳು.

"ರೀ, ಹಾಲಿನದಲ್ಲ ಅದು," ಎಂದಳು. "ಅವತ್ತು ನನ್ನ ಬೆರಳು..."

"ಗೊತ್ತು."

ಅವಳು ತಲೆ ಎತ್ತಿದಳು.

"ಆ ಬಟ್ಟೆ ಕಟ್ಟಿದ್ದು ಯಾರು? ನಾನೇ ಅಲ್ವಾ?" ಗಂಡ ಬಾಗಿಲ ಚೌಕಟ್ಟಿಗೆ ಒರಗಿ, ಪಕ್ಕದ ಗೋಡೆಯ ಹಸಿ ಬಣ್ಣವನ್ನು ನೋಡುತ್ತ ಹೇಳಿದ. "ಮಧ್ಯಾಹ್ನ ಬಡಿಸೋಕೆ ಬಂದಾಗ ನಿನ್ನ ಕೈಲಿ ಬಟ್ಟೆ ಇರಲಿಲ್ಲ. ನೋಡ್ದೆ. ಊಟಕ್ಕೆ ಜನ ಕೂತುಬಿಟ್ಟಿದ್ರು. ಏನಾಗುತ್ತೆ ಅಂತ ಸುಮ್ನಾದೆ."

"ಮತ್ತೆ ಅವತ್ತು ಅವರ ಮುಂದೆ ಹಾಲು ಹಾಲು ಅಂತ..."

"ಇನ್ನೇನು ಹೇಳಬೇಕಿತ್ತು? ನನ್ನ ಹೆಂಡ್ತಿ ಕೀವು ಅಂತಲಾ?" ಅವನ ಧ್ವನಿ ಏರಿತು, ಏರಿದಷ್ಟೇ ಬೇಗ ಇಳಿಯಿತು. "ಇದೊಂದು ಹೋಟ್ಲು ಬಿಟ್ರೆ ನಮಗೇನಿದೆ ಹೇಳು? ನೀನೂ ಸುಮ್ನಿದ್ದೆ, ನಾನೂ ಸುಮ್ನಿದ್ದೆ. ಹಂಗೇ ದಾಟಿಬಿಡುತ್ತೆ ಅಂದ್ಕೊಂಡೆ."

ಅಷ್ಟು ದಿನವೂ ಒಂದೇ ಹಾಸಿಗೆಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಮಲಗಿ, ಇಬ್ಬರೂ ಒಂದೇ ಮಾತನ್ನು ನುಂಗಿಕೊಂಡಿದ್ದರು. ತಾನೊಬ್ಬಳೇ ಹೊತ್ತಿದ್ದೇನೆ ಎಂದುಕೊಂಡಿದ್ದ ಭಾರದ ಇನ್ನೊಂದು ತುದಿಯನ್ನು ಗಂಡ ಹಿಡಿದಿದ್ದ. ಅದರಿಂದ ಭಾರವೇನೂ ಕಡಿಮೆಯಾಗಲಿಲ್ಲ. ಅವಳಿಗೆ ಅವನ ಮೇಲೆ ಸಿಟ್ಟೂ ಬರಲಿಲ್ಲ. ಸಿಟ್ಟಾಗಲು ಬೇಕಾದ ಎತ್ತರದಲ್ಲಿ ತಾನು ನಿಂತಿಲ್ಲ ಎಂಬುದಷ್ಟೇ ಗೊತ್ತಾಯಿತು.

"ನಾನು ಹಾಲಕ್ಕನಿಗೆ ಹೇಳ್ತೀನಿ," ಎಂದಳು.

ಗಂಡ ಬೇಡ ಎನ್ನಲಿಲ್ಲ. ಹೇಳು ಎಂದೂ ಅನ್ನಲಿಲ್ಲ.

ಬೆಳಿಗ್ಗೆ ಅವಳು ಕೊಟ್ಟಿಗೆಗೆ ಹೋದಾಗ ಹಾಲಕ್ಕ ಹಾಲು ಕರೆದು ಮುಗಿಸಿದ್ದಳು. ಮಾರುವಂತಿಲ್ಲದಿದ್ದರೂ ಕರೆಯದೆ ಬಿಟ್ಟರೆ ಹಸುಗಳಿಗೆ ನೋವು. ಕರೆದ ಹಾಲನ್ನು ಬಕೆಟ್ಟಿನಿಂದ ಮೋರಿಗೆ ಸುರಿಯುತ್ತಿದ್ದಳು. ಬಿಳಿ ಹರಿವು ಸಗಣಿಯ ನೀರಿನ ಜೊತೆ ಸೇರಿ ಬೇಲಿಯ ಆಚೆ ಹೋಗುತ್ತಿತ್ತು. ಕೆಂಚಿಯ ಗೂಟ ಖಾಲಿಯಿತ್ತು, ಹಗ್ಗ ಅಲ್ಲೇ ಬಿದ್ದಿತ್ತು.

ಅವಳು ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಸುತ್ತಿ ಬಳಸಿ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಮರೆತು ಹೋಗಿ, ಉಗುರುಸುತ್ತು, ಬಟ್ಟೆ, ಕಸ್ಟರ್ಡು, ಸುಳ್ಳು ಎಂದು ನಾಲ್ಕು ಮಾತಿನಲ್ಲಿ ಮುಗಿದುಹೋಯಿತು. ಹಾಲಕ್ಕ ಬಕೆಟ್ಟು ಕೆಳಗಿಟ್ಟಳು.

"ನಿಂಗೆ ಯಾವತ್ತು ಗೊತ್ತಾಯ್ತು?"

"ಅವತ್ತೇ."

"ಆ ಸಾಮಿ ಸೀಸೆ ತಗೊಂಡು ಇಲ್ಲಿಗೆ ಬಂದಾಗ ಗೊತ್ತಿತ್ತಾ?"

"ಗೊತ್ತಿತ್ತು."

"ನಿನ್ನೆ ನಾನು ನಿನ್ನ ಬಾಗಿಲಿಗೆ ಬಂದು ತಪ್ಪಾಯ್ತು ಅಂದಾಗ?"

ಹಾಲಕ್ಕ ಖಾಲಿ ಗೂಟದ ಕಡೆ ತಿರುಗಿ ನಿಂತಳು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ್ರು ಅಂತಾರಲ್ಲ. ನಾನು ಅದನ್ನ ಬರೀ ಗಾದೆ ಅಂದ್ಕೊಂಡಿದ್ದೆ," ಎಂದಳು. ಅವಳ ದನಿಯಲ್ಲಿ ಅಳುವಿರಲಿಲ್ಲ. "ನಂಗೆ ನನ್ನ ಮೇಲೇ ಅನುಮಾನ ಬರಿಸ್ಬಿಟ್ಟೆ ಕಣೇ ನೀನು. ಹಸು ಹೋದ್ರೆ ಹೋಗ್ಲಿ. ಬೆಳಿಗ್ಗೆ ಎದ್ದು ಕೆಚ್ಚಲು ಮುಟ್ಟೋಕೇ ಹೆದರಿಕೆ ಆಗ್ತಿತ್ತು ನಂಗೆ."

"ಏನು ಬೇಕಾದ್ರೂ ಅನ್ನು. ಹೊಡಿ ಬೇಕಾದ್ರೆ."

"ಹೊಡೆದ್ರೆ ನಿನಗೆ ಸಮಾಧಾನ ಆಗುತ್ತೆ. ನಂಗೇನಾಗುತ್ತೆ?" ಹಾಲಕ್ಕ ಬಕೆಟ್ಟನ್ನು ನಲ್ಲಿಯ ಕೆಳಗೆ ಇಟ್ಟು ತೊಳೆಯತೊಡಗಿದಳು. "ವಿಮೆಯವರಿಗೆ ಹೇಳು, ಇಲಾಖೆಯವರಿಗೆ ಹೇಳು. ಅದು ಕಾಗದಕ್ಕಾಯ್ತು. ಆಮೇಲೆ ನಾನು ಹಾಲು ಹಾಕೋ ಒಂದೊಂದು ಬಾಗಿಲಿಗೂ ನನ್ನ ಜೊತೆ ಬಾ. ನಿನ್ನ ಬಾಯಿಂದಲೇ ಹೇಳು. ಕಾಗದ ಯಾರೂ ಓದಲ್ಲ."

ವಿಮೆ ಕಚೇರಿಗೆ ಗಂಡನೂ ಬಂದ. ಕರೆದಿರಲಿಲ್ಲ, ಅವಳು ಚಪ್ಪಲಿ ಮೆಟ್ಟುವಾಗ ತಾನೂ ಅಂಗಿ ಹಾಕಿಕೊಂಡು ಹಿಂದೆ ಬಂದ. ತನಿಖೆಯವರು ಮೇಜಿನ ಮೇಲೆ ಬುತ್ತಿ ಬಿಚ್ಚಿಕೊಂಡು ಕುಳಿತಿದ್ದರು. ಅವಳು ಹೇಳುತ್ತ ಹೋದಂತೆ ತುತ್ತು ಕೆಳಗಿಟ್ಟು, ಡಬ್ಬಿಯ ಮುಚ್ಚಳ ಹಾಕಿದರು.

"ಮೊದಲ ದಿನವೇ ಹೇಳಿದ್ರೆ ಅಜಾಗರೂಕತೆ ಆಗ್ತಿತ್ತು," ಎಂದರು. "ಷರತ್ತು ಮೀರಿದೀರಿ ಅಂತ ತಕರಾರು ಮಾಡಿದ್ರೂ ಕಂಪನಿ ಸ್ವಲ್ಪನಾದ್ರೂ ಕೊಡ್ತಿತ್ತು. ಈಗ ಸುಳ್ಳು ಹೇಳಿ ಕೇಳಿದ ಹಾಗಾಯ್ತು. ಏನೂ ಬರಲ್ಲ. ಆಸ್ಪತ್ರೆದು, ಟೈಲ್ಸಿಂದು, ಎಲ್ಲಾ ನಿಮ್ಮ ತಲೆ ಮೇಲೆ. ಗೊತ್ತಿದ್ದೇ ಬಂದಿರಾ?"

"ಗೊತ್ತಿದ್ದೇ ಬಂದ್ವಿ," ಎಂದ ಗಂಡ. "ಬಟ್ಟೆ ಇಲ್ಲದ್ದು ನಾನೂ ನೋಡಿದ್ದೆ. ಅದನ್ನೂ ಬರ್ಕೊಳ್ಳಿ ಸಾರ್."

ತನಿಖೆಯವರು ಪೆನ್ನು ತೆಗೆದರು, ಬರೆಯಲಿಲ್ಲ. ಕನ್ನಡಕ ತೆಗೆದು ಮೂಗಿನ ಮೇಲಿನ ಗುರುತನ್ನು ಒತ್ತಿಕೊಂಡರು. "ಆ ಬೆರಳು ನನ್ನ ಮನಸ್ಸಲ್ಲಿ ಕೂತಿತ್ತು ಅಮ್ಮಾ. ತಂತಿ ಬ್ರಷ್ಷಿನ ಗೀರು ಹಂಗಿರಲ್ಲ. ಅಷ್ಟರಲ್ಲಿ ಹಾಲಿಂದು ಅಂತ ವರದಿ ಬಂತು. ಮುಗೀತಲ್ಲ ಅಂತ ಫೈಲು ಕಟ್ಟಿದೆ." ಆಮೇಲೆ ಬರೆಯತೊಡಗಿದರು.

ಪಾಲಿಸಿ ಭಾವ ಅದೇ ಸಂಜೆ ಬಂದು, ಕುಳಿತುಕೊಳ್ಳದೆ, ತನ್ನ ಹೆಸರಿಗೂ ಮಸಿ ಬಳಿದಿರಿ ಎಂದು ಕೂಗಾಡಿ ಹೋದ. ಅಕ್ಕ ಫೋನು ಎತ್ತುವುದನ್ನು ನಿಲ್ಲಿಸಿದಳು. ಹೋಟೆಲನ್ನು ಸಾಮಾನು ಸಮೇತ ಬೇರೊಬ್ಬರಿಗೆ ವಹಿಸುವ ಮಾತು ನಡೆಯಿತು. ನೋಡಲು ಬಂದವರು ಎಲ್ಲಕ್ಕಿಂತ ಹೆಚ್ಚಾಗಿ ಹೊಸ ಟೈಲ್ಸನ್ನು ಮೆಚ್ಚಿದರು.

ಕೊಟ್ಟಿಗೆಯ ನೋಟೀಸನ್ನು ಬೇಗ ಕೀಳಲಿಲ್ಲ. ಇಲಾಖೆಯವರು ಉಳಿದ ಹಸುಗಳ ಹಾಲನ್ನು ಮತ್ತೆ ಮತ್ತೆ ಪರೀಕ್ಷಿಸಿ, ಯಾವುದರಲ್ಲೂ ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ ಕಿತ್ತರು. ಮರುದಿನವೇ ಹಾಲಕ್ಕ ಕ್ಯಾನುಗಳನ್ನು ತಳ್ಳುಗಾಡಿಗೆ ಏರಿಸಿಕೊಂಡು ಬಂದು, ಹೋಟೆಲಿನ ಎದುರು ನಿಂತು ಗಂಟೆ ಬಾರಿಸಿದಳು. ಅವಳು ಹೊರಗೆ ಬಂದಳು. ಇಬ್ಬರೂ ಹೊರಟರು. ಹಾಲಕ್ಕ ಮುಂದೆ, ಅವಳು ಹಿಂದೆ.

ಮೊದಲ ಬಾಗಿಲು ಬೇಕರಿಯದು. ಬೇಕರಿಯವನು ಹಿಟ್ಟಿನ ಕೈ ಎತ್ತಿಕೊಂಡೇ ಹೊರಗೆ ಬಂದ. ಅವಳು ಹೇಳಿದಳು, "ಅವತ್ತು ಕೆಟ್ಟಿದ್ದು ಹಾಲಲ್ಲ. ನನ್ನ ಬೆರಳಲ್ಲಿ ಕೀವಿತ್ತು. ಗೊತ್ತಿದ್ದೂ ಆ ಕೈನೇ ಹಾಕಿದೆ, ಗೊತ್ತಿದ್ದೂ ಹಾಲಿನ ಮೇಲೆ ಹೋಗೋಕೆ ಬಿಟ್ಟೆ." ಅವನು ಅವಳನ್ನು ಮೇಲಿನಿಂದ ಕೆಳಗೆ ನೋಡಿದ. "ಇದನ್ನ ಹೇಳೋಕೆ ಇಷ್ಟು ದಿನ ಬೇಕಾಯ್ತಾ ಅಕ್ಕ?" ಎಂದ. ಅವಳು ಕೈಕಟ್ಟಿ ನಿಂತಳು. ಹಾಲಕ್ಕ ಮಧ್ಯೆ ಬಂದು ಅವಳನ್ನು ಬಿಡಿಸಲಿಲ್ಲ. "ನಾಳೆಯಿಂದ ಎಷ್ಟು ಹಾಕ್ಲಿ?" ಎಂದಷ್ಟೇ ಕೇಳಿದಳು.

ಚಹಾದಂಗಡಿಯವನು ಅವಳ ಮಾತು ಪೂರ್ತಿ ಕೇಳಲೇ ಇಲ್ಲ. ಹಿಂದಿನ ವಾರ ಹಾಲಕ್ಕನನ್ನು ಬೀದಿಯಲ್ಲಿ ನಿಲ್ಲಿಸಿ ಬೈದವನು ಅವನು; ಈಗ ಹಾಲಕ್ಕನ ಮುಖ ನೋಡಲಾರದೆ ಲೋಟ ತೊಳೆಯುವುದರಲ್ಲಿ ಮುಳುಗಿದ. ಹಾಸ್ಟೆಲಿನ ವಾರ್ಡನ್ನು ಮಾತ್ರ, "ನೀವು ಹೇಳಿದ್ರಲ್ಲ ಬಿಡಿ, ಯಾರು ಹೇಳ್ತಾರೆ ಈ ಕಾಲದಲ್ಲಿ," ಎಂದಳು. ಆ ಒಂದು ಮಾತಿಗೆ ಅವಳ ಕಣ್ಣು ತುಂಬಿತು. ಹಾಲಕ್ಕ ಮುಂದಿನ ಬೀದಿಗೆ ಗಾಡಿ ತಿರುಗಿಸಿಬಿಟ್ಟಿದ್ದರಿಂದ ನಿಂತು ಒರೆಸಿಕೊಳ್ಳಲು ಬಿಡುವಾಗಲಿಲ್ಲ.

ಕೊನೆಗೆ ಉಳಿದದ್ದು ಡಿಪೋದ ಕ್ಯಾಂಟೀನು. ಅವರು ಮುಟ್ಟಿದಾಗ ಊಟದ ಹೊತ್ತು. ಉದ್ದನೆಯ ಬೆಂಚುಗಳ ಮೇಲೆ ಡ್ರೈವರುಗಳು ತಟ್ಟೆ ಮುಂದಿಟ್ಟುಕೊಂಡು ಜೋರಾಗಿ ಮಾತಾಡುತ್ತಿದ್ದರು. ಕಿಟಕಿಯ ಪಕ್ಕ, ನಿವೃತ್ತನಾದ ಮೇಲೂ ಗೆಳೆಯರನ್ನು ಬಿಟ್ಟಿರಲಾಗದ ಟೈಮ್ ಕೀಪರು, ಅಗಲವಾಗಿ ಹೋದ ಅಂಗಿಯೊಳಗೆ ಕುಳಿತು ಗಂಜಿ ಕುಡಿಯುತ್ತಿದ್ದ. ಅವಳ ಕಾಲು ಹೊಸ್ತಿಲಲ್ಲೇ ನಿಂತಿತು. ಹಿಂತಿರುಗಿ ನೋಡಿದಳು. ಹಾಲಕ್ಕ ಗಾಡಿಯ ಹಿಡಿ ಹಿಡಿದು ರಸ್ತೆಯ ಕಡೆ ನೋಡುತ್ತಿದ್ದಳು.

ಅವಳು ಒಳಗೆ ಒಂದು ಹೆಜ್ಜೆ ಇಟ್ಟು ಹೇಳತೊಡಗಿದಳು. ಮೊದಲು ಹತ್ತಿರದ ಬೆಂಚಿನವರಿಗೆ ಮಾತ್ರ ಕೇಳಿಸಿತು. ಅವರು ಸುಮ್ಮನಾದರು, ಆಮೇಲೆ ಅವರ ಪಕ್ಕದವರು. ಚಮಚಗಳ ಸದ್ದು ಒಂದೊಂದಾಗಿ ನಿಂತಿತು. ಸೇತುವೆಯ ಮೇಲೆ ಬಸ್ಸು ನಿಲ್ಲಿಸಿದ್ದ ಡ್ರೈವರು ತಟ್ಟೆಯನ್ನು ಮುಂದಕ್ಕೆ ನೂಕಿ ಎದ್ದು, ಅವಳ ಪಕ್ಕದಿಂದಲೇ ಹೊರಗೆ ಹೋದ. ಅವಳು ನಿಲ್ಲಿಸಲಿಲ್ಲ; ಕಿಟಕಿಯ ಪಕ್ಕದ ಮುದುಕನನ್ನು ನೋಡಿಕೊಂಡೇ ಕೊನೆಯವರೆಗೆ ಹೇಳಿದಳು. ಅವನು ಗಂಜಿಯ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅದರೊಳಗೇ ನೋಡುತ್ತಿದ್ದ.

ಹೊರಗೆ ಯಾವುದೋ ಬಸ್ಸು ಸ್ಟಾರ್ಟಾಗಿ ನಿಂತಲ್ಲೇ ಗುರುಗುಟ್ಟುತ್ತಿತ್ತು. ಅವಳ ಹಿಂದೆ ಚಪ್ಪಲಿಯ ಸದ್ದಾಯಿತು. ಹಾಲಕ್ಕ ಒಂದು ಕೈಯಲ್ಲಿ ಕ್ಯಾನು ಎತ್ತಿಕೊಂಡು, ಅವಳಿಗೆ ತಾಗದಂತೆ ಓರೆಯಾಗಿ ಸರಿದು, ಬೆಂಚುಗಳ ನಡುವೆ ನಡೆದು ಅಡುಗೆಕೋಣೆಯೊಳಗೆ ಹೋದಳು. ಒಳಗೆ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಆಮೇಲೆ, ಆ ನಿಶ್ಶಬ್ದದಲ್ಲಿ, ಖಾಲಿ ಪಾತ್ರೆಗೆ ಹಾಲು ಬೀಳುವ ಸದ್ದು, ಪಾತ್ರೆ ತುಂಬುತ್ತ ಬಂದಂತೆ ಮೆಲ್ಲಗಾಗುತ್ತ.